ಪರದೆಯ ಮೊದಲ ಸಾಲು ಯಾರದು?

ಬೆಂಗಳೂರಿನಿಂದ ಕರಾವಳಿಗೆ, ಮಲೆನಾಡಿಗೆ, ಬಯಲುಸೀಮೆಗೆ ರಾತ್ರಿ ಬಸ್ಸು ಓಡಿಸುವ ಮಾಲೀಕ ಮಿತ್ರರಿಗೆ ನಮಸ್ಕಾರ.

ನಾಲ್ಕು ಬಸ್ಸಿನವರು, ಎಂಟು ಬಸ್ಸಿನವರು, ಹೆಚ್ಚೆಂದರೆ ಇಪ್ಪತ್ತು ಬಸ್ಸಿನವರು ನೀವು. ನೂರಾರು ಬಸ್ಸುಗಳ ದೊಡ್ಡ ಸಂಸ್ಥೆಗಳು ಕಂಪ್ಯೂಟರ್ ಕೆಲಸಕ್ಕೇ ಆಳುಕಾಳು ಇಟ್ಟುಕೊಳ್ಳಬಲ್ಲವು, ಅವರಿಗೆ ನನ್ನ ಮಾತಿನ ಅಗತ್ಯವಿಲ್ಲ. ನಿಮ್ಮಲ್ಲಿ ಯಾರನ್ನು ಮಾತನಾಡಿಸಿದರೂ ಸಿಗುವ ದೂರು ಒಂದೇ: ಬುಕಿಂಗ್ ಆ್ಯಪ್‌ನವರ ಕಮಿಷನ್. ಡೀಸೆಲ್ಲು, ಟೋಲು, ತೆರಿಗೆ, ಟೈರು, ಚಾಲಕರ ಬಾಟಾ ಎಲ್ಲ ಕಳೆದು ಉಳಿದ ನಾಲ್ಕು ಕಾಸಿನಲ್ಲಿ ಅವರಿಗೂ ಪಾಲು ಹೋಗುತ್ತದಲ್ಲ ಎಂಬ ಸಂಕಟ. ಸಂಕಟ ನಿಜ. ಆದರೆ ಕಮಿಷನ್ ಲೆಕ್ಕಕ್ಕೆ ಸಿಗುವ ಖರ್ಚು, ಬಿಲ್ಲಿನಲ್ಲಿ ಕಾಣುತ್ತದೆ. ಅದರ ಜೊತೆಗೆ ನೀವು ಬಿಟ್ಟಿಯಾಗಿ ಕೊಡುತ್ತಿರುವುದು ಯಾವ ಬಿಲ್ಲಿನಲ್ಲೂ ಇಲ್ಲ. ಯಾರು ಊರಿಗೆ ಹೊರಟರು, ಎಷ್ಟು ದಿನ ಮುಂಚೆ ಸೀಟು ಹಿಡಿದರು, ಯಾವ ದರ ನೋಡಿ ಹಿಂದೆ ಸರಿದರು, ಕೊನೆಗೆ ಯಾರ ಬಸ್ಸು ಹತ್ತಿದರು ಎಂಬ ಮಾಹಿತಿ ಅದು. ಅದರ ಬೆಲೆ ಎಷ್ಟಿರಬಹುದು ಎಂಬುದಕ್ಕೆ ಒಂದು ಹಳೆಯ ಕತೆ ಹೇಳಬೇಕು.

ನಾನು ಬಸ್ಸಿನವನಲ್ಲ. ಬೆಂಗಳೂರಿನಲ್ಲಿ ವಿಮಾನದ ಟಿಕೆಟ್ ಮಾಡಿಕೊಡುವ ಏಜೆನ್ಸಿಗಳ ಕೌಂಟರಿನಲ್ಲಿ ಕೂತು ವಯಸ್ಸು ಕಳೆದವನು. ಊರು ಕುಂದಾಪುರದ ಕಡೆ, ಹಾಗಾಗಿ ನಿಮ್ಮ ಬಸ್ಸುಗಳ ಹಳೆಯ ಗಿರಾಕಿ. ಈ ಎರಡೂ ದಂಧೆಗಳನ್ನು ಹತ್ತಿರದಿಂದ ಕಂಡವನಾಗಿ ಹೇಳುತ್ತೇನೆ, ನೀವು ಈಗ ಬಂದು ನಿಂತಿರುವ ತಿರುವಿಗೆ ವಿಮಾನದವರು ನಲವತ್ತು ವರ್ಷಕ್ಕೂ ಮುಂಚೆ ಬಂದಿದ್ದರು.

1950ರ ಸುಮಾರಿಗೆ ಅಮೆರಿಕನ್ ಏರ್‌ಲೈನ್ಸ್‌ನ ಬುಕಿಂಗ್ ಕಚೇರಿ ಹೇಗಿತ್ತೆಂದರೆ ಕಲಾಸಿಪಾಳ್ಯದ ಹಳೆಯ ಟ್ರಾವೆಲ್ಸ್ ಆಫೀಸನ್ನು ಹತ್ತು ಪಟ್ಟು ಹಿಗ್ಗಿಸಿ ನೋಡಿದಂತೆ. ಒಂದೊಂದು ವಿಮಾನಕ್ಕೂ ಕಾರ್ಡು. ಕಾರ್ಡು ಜೋಡಿಸಿಟ್ಟ ತಿರುಗುವ ಪೆಟ್ಟಿಗೆಯ ಸುತ್ತ ಎಂಟು ಜನ. ಫೋನು ಬಂದಾಗ ಕಾರ್ಡು ಹುಡುಕಬೇಕು, ಸೀಟು ಉಳಿದಿದೆಯೇ ನೋಡಬೇಕು, ಗುರುತು ಹಾಕಬೇಕು, ಟಿಕೆಟ್ ಬರೆಯಬೇಕು. ಒಂದು ಬುಕಿಂಗ್ ಪೂರ್ತಿ ಮುಗಿಯಲು ಸರಾಸರಿ 90 ನಿಮಿಷ. ವಿಮಾನಗಳು ಹೆಚ್ಚಾಗಬಹುದಿತ್ತು, ಆ ಪೆಟ್ಟಿಗೆಯ ಸುತ್ತ ಕೂರುವ ಜನ ಹೆಚ್ಚಾಗಲು ಜಾಗವಿರಲಿಲ್ಲ.

1953ರಲ್ಲಿ ಲಾಸ್ ಏಂಜಲೀಸ್‌ನಿಂದ ನ್ಯೂಯಾರ್ಕಿಗೆ ಹಾರುತ್ತಿದ್ದ ವಿಮಾನದಲ್ಲಿ ಕಂಪನಿಯ ಅಧ್ಯಕ್ಷ ಸಿ.ಆರ್. ಸ್ಮಿತ್ ಪಕ್ಕದ ಸೀಟಿನವನನ್ನು ಮಾತಿಗೆಳೆದ. ಅವನ ಹೆಸರೂ ಸ್ಮಿತ್. ಬ್ಲೇರ್ ಸ್ಮಿತ್, ಐಬಿಎಂನ ಮಾರಾಟಗಾರ. ಶತ್ರು ವಿಮಾನಗಳನ್ನು ಪತ್ತೆ ಹಚ್ಚಲು ಅಮೆರಿಕದ ವಾಯುಪಡೆಗಾಗಿ ಐಬಿಎಂ ಆಗ ದೊಡ್ಡದೊಂದು ಕಂಪ್ಯೂಟರ್ ಜಾಲ ಕಟ್ಟುತ್ತಿತ್ತು. ದೂರದೂರದ ಊರುಗಳಿಂದ ಬಂದ ಸುದ್ದಿಯನ್ನು ಒಂದೇ ಯಂತ್ರ ಕ್ಷಣದಲ್ಲಿ ಕೂಡಿಸಿ ಹೇಳುವುದಾದರೆ, ಖಾಲಿ ಸೀಟಿನ ಲೆಕ್ಕ ಅದಕ್ಕೆ ಯಾವ ದೊಡ್ಡದು? ಆ ಮಾತುಕತೆಯಿಂದ ಹುಟ್ಟಿದ್ದು ಸೇಬರ್. ಕಟ್ಟಿ ಮುಗಿಸಲು ಹತ್ತು ವರ್ಷ ಬೇಕಾಯಿತು, ಆ ಕಾಲದ ಸುಮಾರು 4 ಕೋಟಿ ಡಾಲರ್ ಖರ್ಚಾಯಿತು. 1964ರ ಹೊತ್ತಿಗೆ ಅಮೆರಿಕನ್ ಏರ್‌ಲೈನ್ಸ್‌ನ ಬುಕಿಂಗ್ ಎಲ್ಲ ಅದರೊಳಗೆ ಹೋಯಿತು.

ಕತೆಯನ್ನು ಇಲ್ಲಿಗೆ ನಿಲ್ಲಿಸಿ, ಕಂಪ್ಯೂಟರ್ ಬಂತು, ಕೆಲಸ ಬೇಗ ಆಯಿತು, ಕಂಪನಿ ಮುಂದೆ ಬಂತು ಎಂದು ಹೇಳುವವರು ಬೇಕಾದಷ್ಟು ಜನ. ನಿಮಗೆ ಸಾಫ್ಟ್‌ವೇರ್ ಮಾರಲು ಬರುವ ಹುಡುಗರು ಹೇಳುವುದೂ ಅದನ್ನೇ. ನಿಜ ಏನೆಂದರೆ ಯಂತ್ರವನ್ನು ಯಾರು ಬೇಕಾದರೂ ಕೊಳ್ಳಬಹುದು. ಕೊಂಡರು ಕೂಡ. ಯುನೈಟೆಡ್ ಏರ್‌ಲೈನ್ಸ್ ಅಪೊಲೊ ಮಾಡಿತು, ಟಿಡಬ್ಲ್ಯೂಎ ತನ್ನದೊಂದು ಮಾಡಿತು. ಕೆಲಸ ಬೇಗ ಆಗುವುದು ಎಲ್ಲರಿಗೂ ಸಿಕ್ಕಿದ ಮೇಲೆ ಅದರಿಂದ ಒಬ್ಬರಿಗೆ ಮೇಲುಗೈ ಎಲ್ಲಿಂದ ಬರಬೇಕು?

ಮೇಲುಗೈ ಬಂದದ್ದು 1976ರಲ್ಲಿ, ಆ ಯಂತ್ರದ ಪರದೆಯನ್ನು ಕಂಪನಿಯ ಆಫೀಸಿನಿಂದ ಎತ್ತಿ ಟ್ರಾವೆಲ್ ಏಜೆಂಟನ ಮೇಜಿನ ಮೇಲೆ ಇಟ್ಟಾಗ. ಟಿಕೆಟ್ ಮಾರುವವನು ಏಜೆಂಟ್. ಅವನ ಮುಂದೆ ಇರುವುದು ಅಮೆರಿಕನ್ ಏರ್‌ಲೈನ್ಸ್ ಕೊಟ್ಟ ಪರದೆ. ಅದರಲ್ಲಿ ಬೇರೆ ಕಂಪನಿಗಳ ವಿಮಾನಗಳೂ ಕಾಣುತ್ತವೆ, ಬುಕ್ಕೂ ಆಗುತ್ತವೆ. ಏಜೆಂಟನಿಗೆ ಅನುಕೂಲ, ಗಿರಾಕಿಗೂ ಅನುಕೂಲ. ಆದರೆ ಪಟ್ಟಿಯಲ್ಲಿ ಯಾವ ವಿಮಾನ ಮೊದಲು ಬರಬೇಕು ಎಂದು ತೀರ್ಮಾನಿಸುವವರು ಯಾರು? ಪರದೆ ಯಾರದೋ ಅವರು.

ಬುಕಿಂಗ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ಸಾಲಿನ ವಿಮಾನಕ್ಕೇ ಆಗುತ್ತಿದ್ದವು, ಶೇ 90ಕ್ಕಿಂತ ಹೆಚ್ಚು ಮೊದಲ ಪರದೆಯೊಳಗೇ ಮುಗಿಯುತ್ತಿದ್ದವು ಎಂದು ಆ ಕಾಲದ ಲೆಕ್ಕ. ನನಗೆ ಇದನ್ನು ನಂಬಲು ಯಾವ ಸಮೀಕ್ಷೆಯೂ ಬೇಡ. ಗಿರಾಕಿ ಎದುರಿಗೆ ಕೂತು ಗಡಿಯಾರ ನೋಡುತ್ತಿದ್ದರೆ, ಹೊರಗೆ ಇನ್ನಿಬ್ಬರು ಕಾಯುತ್ತಿದ್ದರೆ, ಎರಡನೇ ಪುಟ ತಿರುಗಿಸುವ ಏಜೆಂಟ್ ಯಾವ ದೇಶದಲ್ಲೂ ಇಲ್ಲ. 1981ರಲ್ಲಿ ನ್ಯೂಯಾರ್ಕ್ ಏರ್ ಎಂಬ ಪುಟ್ಟ ಕಂಪನಿ ನ್ಯೂಯಾರ್ಕ್–ಡೆಟ್ರಾಯಿಟ್ ಮಾರ್ಗಕ್ಕೆ ಇಳಿಯಿತು. ಅಮೆರಿಕನ್ ಏರ್‌ಲೈನ್ಸ್‌ಗೆ ಅದು ಮುಖ್ಯ ಮಾರ್ಗ. ಕೆಲವೇ ದಿನಗಳಲ್ಲಿ ತನ್ನ ವಿಮಾನಗಳು ಸೇಬರ್ ಪರದೆಯ ತಳಕ್ಕೆ ಜಾರಿದವು ಎಂಬುದು ಆ ಪುಟ್ಟ ಕಂಪನಿಯ ದೂರು. ಬುಕಿಂಗ್ ಬತ್ತಿತು, ಮಾರ್ಗದಿಂದ ಹಿಂದೆ ಸರಿಯಬೇಕಾಯಿತು.

ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಈ ವಿಷಯ ಬಂದಾಗ ಅಮೆರಿಕನ್ ಏರ್‌ಲೈನ್ಸ್‌ನ ರಾಬರ್ಟ್ ಕ್ರ್ಯಾಂಡಲ್ ಮುಚ್ಚುಮರೆ ಮಾಡಲಿಲ್ಲ. ನಮ್ಮ ವಿಮಾನ ಮೇಲೆ ಕಾಣಲಿ ಎಂದೇ ಇಷ್ಟು ಖರ್ಚು ಮಾಡಿ ಇದನ್ನು ಕಟ್ಟಿದ್ದೇವೆ ಎಂಬ ಅರ್ಥದಲ್ಲಿ ನೇರವಾಗಿ ಹೇಳಿದ. ಮನುಷ್ಯ ಒರಟ, ಆದರೆ ಆ ಮಾತಿನ ಪ್ರಾಮಾಣಿಕತೆಗೆ ನಾನು ಇವತ್ತಿಗೂ ತಲೆದೂಗುತ್ತೇನೆ. ಇವತ್ತಿನ ಆ್ಯಪ್ ಕಂಪನಿಗಳ ಬಾಯಲ್ಲಿ ಎಲ್ಲವೂ ‘ಪ್ರಯಾಣಿಕರ ಅನುಕೂಲಕ್ಕಾಗಿ’. 1984ರಲ್ಲಿ ಸರ್ಕಾರ ನಿಯಮ ತಂದಿತು: ಪರದೆಯ ಮೇಲೆ ತನ್ನದು ಮೇಲೆ, ಪರರದು ಕೆಳಗೆ ಮಾಡುವಂತಿಲ್ಲ. ಸರಿ ಎಂದರು. ಪಟ್ಟಿಯನ್ನು ನೆಟ್ಟಗೆ ಮಾಡಿದರು, ಪ್ರತಿ ಬುಕಿಂಗ್‌ಗೆ ಬೇರೆ ಕಂಪನಿಗಳಿಂದ ಶುಲ್ಕ ವಸೂಲು ಮಾಡಿದರು. ಕೆಲವು ವರ್ಷ ವಿಮಾನ ಹಾರಿಸಿ ಗಳಿಸಿದ್ದಕ್ಕಿಂತ ಪರದೆಯಿಂದ ಗಳಿಸಿದ್ದೇ ಹೆಚ್ಚು ಎಂಬ ಸ್ಥಿತಿ ಬಂತು.

ಇಷ್ಟು ಪರದೆಯ ಮಾತು. ಪರದೆಯ ಹಿಂದೆ ಏನು ಕೂಡಿಬೀಳುತ್ತಿತ್ತು ಎಂಬುದು ನಿಮಗೆ ಇನ್ನೂ ಹತ್ತಿರದ ವಿಷಯ.

1981ರ ಮೇ ತಿಂಗಳಲ್ಲಿ ಅಮೆರಿಕನ್ ಏರ್‌ಲೈನ್ಸ್ ಪದೇ ಪದೇ ಹಾರುವವರಿಗೆ ಮೈಲಿ ಲೆಕ್ಕದಲ್ಲಿ ಬಹುಮಾನ ಕೊಡುವ ಯೋಜನೆ ಶುರುಮಾಡಿತು. ಯಾರಿಗೆ ಕೊಡಬೇಕು ಎಂದು ಹೇಗೆ ಗೊತ್ತಾಯಿತು? ಸೇಬರ್‌ನ ಹಳೆಯ ಬುಕಿಂಗ್‌ಗಳಲ್ಲಿ ಮತ್ತೆ ಮತ್ತೆ ಬಂದ ಫೋನ್ ನಂಬರ್‌ಗಳನ್ನು ಹೆಕ್ಕಿ ತೆಗೆದರು. ಲಕ್ಷಕ್ಕೂ ಹೆಚ್ಚು ಜನ ಸಿಕ್ಕರು. ಮೊದಲ ಸದಸ್ಯರಲ್ಲಿ ಅವರೇ ಹೆಚ್ಚು. ದಯವಿಟ್ಟು ಇದನ್ನು ಇನ್ನೊಮ್ಮೆ ಓದಿ: ಅಲ್ಲಿ ಬಳಸಿದ್ದು ಮತ್ತೆ ಮತ್ತೆ ಬರುವ ಫೋನ್ ನಂಬರನ್ನು, ಅಷ್ಟೇ. ನಿಮ್ಮ ಕ್ಲೀನರ್ ಹುಡುಗ ಪ್ರತಿ ರಾತ್ರಿ ಗೊರಗುಂಟೆಪಾಳ್ಯದಲ್ಲಿ ನಿಂತು “ಎಲ್ಲಿದ್ದೀರಿ ಸಾರ್, ಬಸ್ಸು ಬಂತು” ಎಂದು ಕರೆ ಮಾಡುವುದು ಅಂಥದ್ದೇ ನಂಬರಿನ ಪಟ್ಟಿ ಹಿಡಿದು. ಬೆಳಗ್ಗೆ ಆ ಚಾರ್ಟು ಡ್ಯಾಶ್‌ಬೋರ್ಡಿನ ಮೇಲೆ ಚಹಾದ ಲೋಟ ಇಡಲು ಬಳಕೆಯಾಗುತ್ತದೆ, ಸಂಜೆಗೆ ಕಸ.

ಆಮೇಲೆ ದರದ ವಿಷಯ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಯಾಕೆಂದರೆ ಹಬ್ಬ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ನಿಮ್ಮ ಮಾನ ಹೋಗುವುದು ಇದೇ ಕಾರಣಕ್ಕೆ.

1981ರಲ್ಲೇ ನ್ಯೂಯಾರ್ಕಿನ ಪಕ್ಕದ ನ್ಯೂವಾರ್ಕಿನಿಂದ ಪೀಪಲ್ ಎಕ್ಸ್‌ಪ್ರೆಸ್ ಎಂಬ ವಿಮಾನ ಕಂಪನಿ ಶುರುವಾಯಿತು. ಅಗ್ಗದ ದರ, ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ದರ. ಜನ ಮುಗಿಬಿದ್ದರು, ಕಂಪನಿ ನಾಲ್ಕೇ ವರ್ಷದಲ್ಲಿ ದೈತ್ಯವಾಗಿ ಬೆಳೆಯಿತು. ದರವನ್ನು ಎಲ್ಲರಿಗೂ ಇಳಿಸಿದರೆ ಅಮೆರಿಕನ್ ಏರ್‌ಲೈನ್ಸ್ ಮುಳುಗುತ್ತದೆ, ಇಳಿಸದಿದ್ದರೆ ಗಿರಾಕಿ ಹೋಗುತ್ತಾನೆ. ಆದರೆ ಅವರ ಕೈಯಲ್ಲಿ ಸೇಬರ್‌ನಲ್ಲಿ ಕೂಡಿಬಿದ್ದ ಹಿಂದಿನ ವರ್ಷಗಳ ಬುಕಿಂಗ್ ಇತ್ತು. ಇಂಥ ಮಾರ್ಗದಲ್ಲಿ, ಇಂಥ ವಾರದಲ್ಲಿ, ಕೊನೆಯ ಮೂರು ದಿನದಲ್ಲಿ ಎಷ್ಟು ಮಂದಿ ವ್ಯಾಪಾರಸ್ಥರು ದರ ಕೇಳದೆ ಟಿಕೆಟ್ ಕೊಳ್ಳುತ್ತಾರೆ ಎಂದು ಅದು ಹೇಳುತ್ತಿತ್ತು. ಅಷ್ಟು ಸೀಟನ್ನು ಅವರಿಗಾಗಿ ಕಾದಿಟ್ಟು, ಹೇಗೂ ಖಾಲಿ ಹೋಗುತ್ತಿದ್ದ ಸೀಟುಗಳನ್ನು ಮಾತ್ರ, ತುಂಬ ಮುಂಚೆ ಬುಕ್ ಮಾಡುವವರಿಗೆ ಪೀಪಲ್ ಎಕ್ಸ್‌ಪ್ರೆಸ್‌ನ ದರಕ್ಕೇ ಮಾರಿದರು. 1985ರ ಜನವರಿಯಲ್ಲಿ ಈ ದರ ಘೋಷಣೆಯಾಯಿತು. ಪೀಪಲ್ ಎಕ್ಸ್‌ಪ್ರೆಸ್‌ನಲ್ಲಿ ಇಂಥ ಲೆಕ್ಕ ಹಾಕುವ ವ್ಯವಸ್ಥೆಯೇ ಇರಲಿಲ್ಲ. 1986ರಲ್ಲಿ ಅದು ತನ್ನನ್ನು ಮಾರಿಕೊಂಡಿತು, ಮರುವರ್ಷ ಹೆಸರೂ ಉಳಿಯಲಿಲ್ಲ. ಜನ ಮೆಚ್ಚಿದ ಕಂಪನಿ, ತುಂಬಿದ ವಿಮಾನಗಳು, ಆದರೂ ಸೋತಿತು.

ಇದನ್ನು ನಿಮ್ಮ ಸ್ಲೀಪರ್ ಬಸ್ಸಿಗೆ ಇಳಿಸಿ ನೋಡೋಣ. 36 ಬರ್ತು, ಮಂಗಳವಾರದ ರಾತ್ರಿ, ದರ 900 ರೂಪಾಯಿ ಎಂದು ಇಟ್ಟುಕೊಳ್ಳಿ. 20 ಬರ್ತು ಹೋದರೆ 18,000. ಬಸ್ಸು ತುಂಬಲಿ ಎಂದು ಎಲ್ಲರಿಗೂ 700 ಮಾಡಿದಿರಿ, 30 ಹೋಯಿತು, 21,000. ಈಗ ಇನ್ನೊಂದು ದಾರಿ: ಹತ್ತು ದಿನ ಮುಂಚೆ ಕೊಳ್ಳುವವರಿಗೆ 10 ಬರ್ತು ಮಾತ್ರ 700ಕ್ಕೆ ಕೊಟ್ಟು ಉಳಿದವನ್ನು 900ರಲ್ಲೇ ಇಟ್ಟಿರಿ. 10 ಮತ್ತು 18 ಹೋದರೆ ಕೈಗೆ 23,200. ಎರಡು ಬರ್ತು ಕಡಿಮೆ ತುಂಬಿ ದುಡ್ಡು ಹೆಚ್ಚು ಬಂತು. ಆ 10 ಎಂಬ ಸಂಖ್ಯೆಯನ್ನು ಎಲ್ಲಿಂದ ತರುತ್ತೀರಿ ಎಂಬುದೇ ಪ್ರಶ್ನೆ. ಅಂದಾಜಿನಿಂದ ತಂದರೆ ಒಂದು ವಾರ ಗೆಲ್ಲುತ್ತೀರಿ, ಎರಡು ವಾರ ಸೋಲುತ್ತೀರಿ. ಹಿಂದಿನ ಐವತ್ತು ಮಂಗಳವಾರಗಳ ಚಾರ್ಟಿನಿಂದ ತಂದರೆ ಅದು ನಿಮ್ಮದೇ ಪುಟ್ಟ ಸೇಬರ್.

ದರ ಬದಲಾಗುವುದೇ ಪಾಪ ಎನ್ನುವವರ ಪೈಕಿ ನಾನಲ್ಲ. ನಮ್ಮ ಕರಾವಳಿಯಲ್ಲಿ ಶಂಕರಪುರ ಮಲ್ಲಿಗೆಯ ಅಟ್ಟೆಗೆ ದಿನಕ್ಕೊಂದು ದರ. ಮದುವೆ ಸೀಸನ್ನಿನಲ್ಲಿ ಏರುತ್ತದೆ, ಆಷಾಢದಲ್ಲಿ ಇಳಿಯುತ್ತದೆ, ಸಂಜೆಗೆ ಉಳಿದ ಹೂವಿಗೆ ಬೆಲೆಯೇ ಇಲ್ಲ. ಹೊರಟ ಬಸ್ಸಿನ ಖಾಲಿ ಬರ್ತೂ ಹಾಗೆ. ಆದರೆ ಗಣೇಶ ಚತುರ್ಥಿಯ ಹಿಂದಿನ ರಾತ್ರಿ 900ರ ಬರ್ತನ್ನು ಮೂರು ಪಟ್ಟಿಗೆ ಮಾರುವುದು ಲೆಕ್ಕಾಚಾರದ ಜಾಣತನವಲ್ಲ, ಅದಕ್ಕೆ ಕಂಪ್ಯೂಟರೂ ಬೇಕಿಲ್ಲ. ಕ್ರ್ಯಾಂಡಲ್‌ನ ಜನ ಗೆದ್ದದ್ದು ಖಾಲಿ ದಿನಗಳ ಖಾಲಿ ಸೀಟನ್ನು ತುಂಬಿಸಿ. ನಿಮ್ಮಲ್ಲಿ ಹಲವರು ವರ್ಷದಲ್ಲಿ ಹತ್ತು ರಾತ್ರಿ ದೋಚಿ, ಮುನ್ನೂರು ರಾತ್ರಿ ಅರ್ಧ ಬಸ್ಸು ಓಡಿಸುತ್ತೀರಿ. ಕಹಿಯಾದರೂ ಹೇಳಿದ್ದೇನೆ, ಕ್ಷಮಿಸಿ.

ಈಗ ನಮ್ಮ ಕಡೆಯ ಕತೆಗೆ ಬರೋಣ. 2005ರ ದೀಪಾವಳಿಗೆ ಬೆಂಗಳೂರಿನಿಂದ ಹೈದರಾಬಾದಿಗೆ ಹೋಗಲು ಬಸ್ಸಿನ ಟಿಕೆಟ್ ಸಿಗದೆ ಪರದಾಡಿದ ಎಂಜಿನಿಯರ್ ಫಣೀಂದ್ರ ಸಾಮ, ಮರುವರ್ಷ ಇಬ್ಬರು ಗೆಳೆಯರ ಜೊತೆ ರೆಡ್‌ಬಸ್ ಶುರುಮಾಡಿದ್ದು ನಿಮಗೆಲ್ಲ ಗೊತ್ತು. ಟಿಕೆಟ್ ಇರಲಿಲ್ಲವೇ? ಎಲ್ಲೋ ಇದ್ದಿರಬೇಕು. ಆಗ ಆನಂದರಾವ್ ಸರ್ಕಲ್ಲಿನ ಒಬ್ಬೊಬ್ಬ ಏಜೆಂಟನಿಗೂ ನೀವು ನಾಲ್ಕೈದು ಸೀಟಿನ ಕೋಟಾ ಕೊಡುತ್ತಿದ್ದಿರಿ. ಒಬ್ಬನ ಹತ್ತಿರ ಸೀಟು ಕೊಳೆಯುತ್ತಿದ್ದರೆ ಪಕ್ಕದ ಅಂಗಡಿಯವನು “ಫುಲ್ ಸಾರ್” ಎನ್ನುತ್ತಿದ್ದ. 1950ರ ಅಮೆರಿಕದ ಕಾರ್ಡು ಪೆಟ್ಟಿಗೆಯ ಕಾಯಿಲೆಯೇ ಅದು: ಸೀಟು ಇದೆ, ಇರುವ ಸುದ್ದಿ ಇಲ್ಲ. ರೆಡ್‌ಬಸ್ ಆ ಸುದ್ದಿಯನ್ನು ಒಂದೆಡೆ ತಂದಿತು. ಮಾಲೀಕರ ಸೀಟು ಲೆಕ್ಕಕ್ಕೆ ಬಾಸ್ ಎಂಬ ಸಾಫ್ಟ್‌ವೇರ್, ಏಜೆಂಟರಿಗೆ ಸೀಟ್‌ಸೆಲ್ಲರ್ ಎಂಬ ಇನ್ನೊಂದನ್ನು ಕೊಟ್ಟಿತು. ನಿಮ್ಮ ಸೀಟಿನ ಪುಸ್ತಕ, ಏಜೆಂಟನ ಮೇಜು, ಪ್ರಯಾಣಿಕನ ಕೈಯ ಫೋನು, ಮೂರೂ ಒಂದೇ ಛಾವಣಿಯ ಕೆಳಗೆ ಬಂದವು. 2013ರಲ್ಲಿ ಇಬಿಬೊ ಎಂಬ ಕಂಪನಿ ರೆಡ್‌ಬಸ್ಸನ್ನು ಕೊಂಡಿತು, ಆಮೇಲೆ ಇಬಿಬೊ ಮೇಕ್‌ಮೈಟ್ರಿಪ್ ಜೊತೆ ಸೇರಿತು. ಈಗ ಇಂಥ ಆ್ಯಪ್‌ಗಳು ಹಲವಿವೆ.

ಅವರನ್ನು ಬಯ್ಯಲು ನನಗೆ ಕಾರಣವಿಲ್ಲ. ಹೊಸ ಊರಿಗೆ ಹೊಸ ಬಸ್ಸು ಹಾಕಿದವನಿಗೆ ಮೊದಲ ದಿನವೇ ಗಿರಾಕಿ ಸಿಗುವುದು ಅವರಿಂದ. ರಾತ್ರಿ ಒಂಟಿಯಾಗಿ ಪ್ರಯಾಣ ಮಾಡುವ ಹೆಣ್ಣುಮಗಳು ಬಸ್ಸಿನ ಸ್ಥಿತಿ, ಸಿಬ್ಬಂದಿಯ ನಡತೆ ಹೇಗಿದೆ ಎಂದು ಓದಿ ಸೀಟು ಹಿಡಿಯುವಂತಾದದ್ದು ಅವರಿಂದ. ನೀವು ಅಥವಾ ನಿಮ್ಮ ಸಂಘ ಅದನ್ನು ಮಾಡಿರಲಿಲ್ಲ. ಆದರೆ ಸೇಬರ್ ಮುಂದೆ ಕೂತ ಪುಟ್ಟ ಕಂಪನಿಗಳ ಜಾಗದಲ್ಲಿ ಈಗ ನೀವಿದ್ದೀರಿ ಎಂಬುದನ್ನು ಮರೆಯಬೇಡಿ. ಬೆಂಗಳೂರು–ಉಡುಪಿ ಎಂದು ಹುಡುಕಿದರೆ ಯಾರ ಬಸ್ಸು ಮೊದಲು ಕಾಣಬೇಕು ಎಂಬುದು ನಿಮ್ಮ ಕೈಯಲ್ಲಿಲ್ಲ. ಇನ್ನೂ ಮುಖ್ಯವಾದದ್ದು: ನಿಮ್ಮ ಚಾರ್ಟಿನಲ್ಲಿ ಬುಕ್ ಮಾಡಿದವರು ಮಾತ್ರ ಇದ್ದಾರೆ. ಹುಡುಕಿ, ದರ ನೋಡಿ, ಸಮಯ ಹೊಂದದೆ, ಆ ಊರಿಗೆ ಬಸ್ಸೇ ಇಲ್ಲವೆಂದು ಬಿಟ್ಟುಹೋದವರು ಆ್ಯಪ್‌ನ ಲೆಕ್ಕದಲ್ಲಿ ಮಾತ್ರ ಇದ್ದಾರೆ. ಸಿದ್ದಾಪುರಕ್ಕೋ ಕೊಟ್ಟಿಗೆಹಾರಕ್ಕೋ ಗುರುವಾರ ರಾತ್ರಿ ಎಷ್ಟು ಜನ ವ್ಯರ್ಥವಾಗಿ ಹುಡುಕಿದರು ಎಂದು ತಿಳಿದವನಿಗೆ ಮುಂದಿನ ಬಸ್ಸನ್ನು ಎಲ್ಲಿ ಹಾಕಬೇಕು ಎಂದು ಗೊತ್ತು. ನಿಮಗೆ ಅದು ಗೊತ್ತಾಗುವುದು ಬೇರೊಬ್ಬರು ಅಲ್ಲಿ ಬಸ್ಸು ಹಾಕಿ ದುಡ್ಡು ಮಾಡಿದ ಮೇಲೆ.

ಕೆಎಸ್ಆರ್‌ಟಿಸಿಯನ್ನು ನೀವು ಸರ್ಕಾರಿ ಆನೆ ಎಂದು ನಗುತ್ತೀರಿ. ಆ ಆನೆಗೆ ಅವತಾರ್ ಎಂಬ ತನ್ನದೇ ಬುಕಿಂಗ್ ವ್ಯವಸ್ಥೆ ಇದೆ. ಹಬ್ಬದ ಪ್ರಕಟಣೆಯಲ್ಲಿ ಪ್ರತಿಸಲ ಬರುವ ಸಾಲು ಗಮನಿಸಿದ್ದೀರಾ? ನಾಲ್ಕು ಅಥವಾ ಹೆಚ್ಚು ಜನ ಒಟ್ಟಿಗೆ ಬುಕ್ ಮಾಡಿದರೆ ಶೇ 5, ಹೋಗುವ ಬರುವ ಟಿಕೆಟ್ ಒಟ್ಟಿಗೆ ತೆಗೆದರೆ ಬರುವ ಟಿಕೆಟ್ಟಿಗೆ ಶೇ 10 ರಿಯಾಯಿತಿ. ಕೇಳಲು ಸಪ್ಪೆ, ಒಳಗೆ ಲೆಕ್ಕವಿದೆ. ಶುಕ್ರವಾರ ಹೋಗುವವನ ಭಾನುವಾರದ ವಾಪಸಾತಿಯನ್ನು ಮೊದಲೇ ಕಟ್ಟಿಹಾಕಿದರೆ, ಭಾನುವಾರ ಬೆಳಗ್ಗೆ ಅವನು ಆ್ಯಪ್ ತೆರೆದು ನಿಮ್ಮ ಬಸ್ಸು ನೋಡುವ ಪ್ರಶ್ನೆಯೇ ಬರುವುದಿಲ್ಲ. ಸಿಂಗಲ್ ಬಸ್ಸಿನ ಮಾಲೀಕನೂ ಮಾಡಬಹುದಾದ ಕೆಲಸ ಇದು. ಬೇಕಾದದ್ದು ಒಂದು ವಾಟ್ಸ್ಆ್ಯಪ್ ನಂಬರು, ಒಂದು ಕ್ಯೂಆರ್ ಕೋಡು, ಬುಕಿಂಗ್ ಹುಡುಗನಿಗೆ ಸ್ವಲ್ಪ ತಾಳ್ಮೆ.

ಅಮೆರಿಕದಲ್ಲೂ ಪರದೆಗೆ ತಲೆಬಾಗದೆ ಬದುಕಿದವರಿದ್ದರು. ಡಲ್ಲಾಸ್‌ನ ಸೌತ್‌ವೆಸ್ಟ್ ಏರ್‌ಲೈನ್ಸ್ ಇಂಥ ಬುಕಿಂಗ್ ಜಾಲಗಳಿಂದ ಆದಷ್ಟು ದೂರ ಉಳಿದು ತನ್ನ ಟಿಕೆಟ್ಟನ್ನು ತಾನೇ ಮಾರಿತು, ಇಂಟರ್ನೆಟ್ ಬಂದೊಡನೆ 1996ರಲ್ಲೇ ತನ್ನ ವೆಬ್‌ಸೈಟಿನಲ್ಲಿ ಮಾರಾಟ ಶುರುಮಾಡಿತು. ಅದರ ಬಳಿ ಸೇಬರ್‌ನಂಥ ಜಾಲವಿರಲಿಲ್ಲ, ಗಿರಾಕಿಯ ಜೊತೆ ನೇರ ಮಾತು ಇತ್ತು. ನೀವು ಆ್ಯಪ್ ಬಿಟ್ಟು ಹೊರಬನ್ನಿ ಎನ್ನುತ್ತಿಲ್ಲ, ನಿಮ್ಮಲ್ಲಿ ಯಾರಿಗೂ ಅದು ಆಗುವ ಮಾತಲ್ಲ. ಮೊದಲ ಸಲ ಬರುವ ಗಿರಾಕಿಯನ್ನು ಆ್ಯಪ್ ತರಲಿ. ಐದನೇ ಸಲವೂ ಅವನಿಗಾಗಿ ಕಮಿಷನ್ ಕೊಡುತ್ತಿದ್ದೀರಿ ಎಂದಾದರೆ ನಾಲ್ಕು ಸಲ ಅವನು ನಿಮ್ಮ ಬಸ್ಸಿನಲ್ಲಿ ಮಲಗಿದ್ದಾಗ ನೀವೇನು ಮಾಡುತ್ತಿದ್ದಿರಿ?

ಚಾರ್ಟು ಎಸೆಯಬೇಡಿ ಎಂಬುದು ಹಾಗಾಗಿ ನನ್ನ ಮೊದಲ ಬೇಡಿಕೆ. ದಿನಾಂಕ, ಬಸ್ಸು, ಬರ್ತು, ಎಷ್ಟು ದಿನ ಮುಂಚೆ ಬುಕ್ ಆಯಿತು, ಎಷ್ಟಕ್ಕೆ, ಎಲ್ಲಿ ಹತ್ತಿದರು, ಎಲ್ಲಿ ಇಳಿದರು. ಇಷ್ಟನ್ನು ಎಕ್ಸೆಲ್‌ನಲ್ಲಿ ಹಾಕಲು ಮನೆಯಲ್ಲಿ ಡಿಗ್ರಿ ಓದುವ ಮಗಳೋ ಅಳಿಯನೋ ಸಾಕು. ಆರು ತಿಂಗಳಾಗುವಷ್ಟರಲ್ಲಿ ಬೋರ್ಡಿಂಗ್ ಪಾಯಿಂಟುಗಳ ಬಣ್ಣ ಬಯಲಾಗುತ್ತದೆ. ಒಬ್ಬರೋ ಇಬ್ಬರೋ ಹತ್ತುವ ಜಾಗಕ್ಕಾಗಿ ನಗರದೊಳಗೆ ಮುಕ್ಕಾಲು ಗಂಟೆ ಸುತ್ತಿ, ಬಸ್ಸಿನೊಳಗಿನ ಮೂವತ್ತು ಜನರ ಶಾಪ ತಿಂದು, ಬೆಳಗ್ಗೆ ಊರಿಗೆ ತಡವಾಗಿ ಮುಟ್ಟಿ, ಅದೇ ಕಾರಣಕ್ಕೆ ಆ್ಯಪ್‌ನಲ್ಲಿ ಅಂಕ ಕಳೆದುಕೊಳ್ಳುವುದು ನಿಂತರೆ ಅದೇ ದೊಡ್ಡ ಗಳಿಕೆ. ಪ್ರಯಾಣಿಕರ ನಂಬರು ಇಟ್ಟುಕೊಳ್ಳುವಾಗ ಅವರನ್ನು ಕೇಳಿಯೇ ಇಟ್ಟುಕೊಳ್ಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ, ಒಪ್ಪಿಗೆಯಿಲ್ಲದೆ ಸಿಕ್ಕಿದವರಿಗೆಲ್ಲ ಮೆಸೇಜು ತೂರುವ ಕಾಲ ಮುಗಿಯಿತು. ಕಾಯ್ದೆ ಹಾಗಿರಲಿ, ದೀಪಾವಳಿ ಶುಭಾಶಯದ ಹೆಸರಿನಲ್ಲಿ ವಾರಕ್ಕೆ ನಾಲ್ಕು ಜಾಹೀರಾತು ಕಳಿಸಿದರೆ ನಾನೇ ನಿಮ್ಮನ್ನು ಬ್ಲಾಕ್ ಮಾಡುತ್ತೇನೆ.

ಎರಡನೆಯದು ಕಷ್ಟದ್ದು. ಎಂಟು ಬಸ್ಸಿನವನ ಒಂಟಿ ಲೆಕ್ಕ ಎಷ್ಟೇ ಆದರೂ ಚಿಕ್ಕದು. ಹದಿನೈದು ಮಾಲೀಕರು ಸೇರಿ ಸೀಟಿನ ಲೆಕ್ಕಕ್ಕೆ ಒಂದು ಜಂಟಿ ವ್ಯವಸ್ಥೆ ಮಾಡಿಕೊಂಡರೆ, ಒಬ್ಬರ ಬಸ್ಸು ಕೆಟ್ಟಾಗ ಇನ್ನೊಬ್ಬರ ಬಸ್ಸಿಗೆ ಹತ್ತಿಸಬಹುದು, ಕಾಯುವವನಿಗೆ ಮುಂದಿನ ಬಸ್ಸು ತೋರಿಸಬಹುದು, ಆ್ಯಪ್‌ನವರ ಎದುರು ಕೂತು ಒಪ್ಪಂದದ ಮಾತಾಡಬಹುದು. ಇದು ಹೊಸ ಯೋಚನೆಯಲ್ಲ. 1975ರ ಸುಮಾರಿಗೆ ಅಮೆರಿಕದ ವಿಮಾನ ಕಂಪನಿಗಳೂ ಏಜೆಂಟರಿಗಾಗಿ ಒಂದೇ ಜಂಟಿ ಪರದೆ ಕಟ್ಟೋಣ ಎಂದು ಮಾತುಕತೆ ನಡೆಸಿದ್ದವು. 1976ರ ಜನವರಿಯಲ್ಲಿ, ಅವುಗಳಲ್ಲೇ ದೊಡ್ಡದಾದ ಯುನೈಟೆಡ್, ನಮ್ಮ ಅಪೊಲೊವನ್ನು ನಾವೇ ಏಜೆಂಟರಿಗೆ ಕೊಡುತ್ತೇವೆ ಎಂದು ಎದ್ದುಹೋಯಿತು. ಅದಕ್ಕೇ ಕಾದಿದ್ದವರಂತೆ ಅಮೆರಿಕನ್ ಏರ್‌ಲೈನ್ಸ್‌ನವರು ಸೇಬರ್ ಹೊತ್ತು ಬೀದಿಗಿಳಿದರು. ಪರದೆ ಹಂಚುವ ಓಟ ಶುರುವಾದದ್ದೇ ಹೀಗೆ, ಒಗ್ಗಟ್ಟು ಮುರಿದ ದಿನ. ಆದ್ದರಿಂದ ನಿಮ್ಮ ಸಂಘದಲ್ಲಿ ಮೊದಲು ಕೇಳಬೇಕಾದ್ದು ಯಾವ ಸಾಫ್ಟ್‌ವೇರ್ ಎಂದಲ್ಲ. ನಿಮ್ಮೊಳಗಿನ ಅತಿ ದೊಡ್ಡ ಮಾಲೀಕ ಎದ್ದುಹೋದರೆ ಉಳಿದವರು ಏನು ಮಾಡುತ್ತೀರಿ ಎಂದು.

ಒಟ್ಟಿಗೆ ಕೂತಾಗ ಸೀಟಿನ ಮಾತಾಡಿ, ದರದ ಮಾತು ಬೇಡ. ಇದೇ ಕ್ರ್ಯಾಂಡಲ್ 1982ರಲ್ಲಿ ಬ್ರ್ಯಾನಿಫ್ ಎಂಬ ಎದುರಾಳಿ ಕಂಪನಿಯ ಹೊವಾರ್ಡ್ ಪಟ್ನಮ್‌ಗೆ ಫೋನು ಮಾಡಿ, ನೀನು ಶೇ 20ರಷ್ಟು ದರ ಏರಿಸು, ಮರುದಿನ ಬೆಳಗ್ಗೆ ನಾನೂ ಏರಿಸುತ್ತೇನೆ ಎಂದ. ಪಟ್ನಮ್ ಅದನ್ನು ರೆಕಾರ್ಡ್ ಮಾಡಿಕೊಂಡಿದ್ದ, ವಿಷಯ ನ್ಯಾಯಾಲಯಕ್ಕೆ ಹೋಯಿತು. ಹತ್ತು ವರ್ಷದ ಮೇಲೆ ಅಲ್ಲಿನ ಸರ್ಕಾರ ಹಲವು ವಿಮಾನ ಕಂಪನಿಗಳ ಮೇಲೆ ಇನ್ನೊಂದು ಮೊಕದ್ದಮೆ ಹೂಡಿತು. ಈ ಸಲ ಯಾರೂ ಫೋನು ಮಾಡಿರಲಿಲ್ಲ, ಎಲ್ಲರೂ ದರ ಹಾಕುವ ಜಂಟಿ ಕಂಪ್ಯೂಟರ್ ಜಾಲದಲ್ಲೇ ಒಬ್ಬರಿಗೊಬ್ಬರು ಸನ್ನೆ ಮಾಡುತ್ತಿದ್ದರು ಎಂಬುದು ಆರೋಪ. ನಮ್ಮಲ್ಲೂ 2002ರ ಸ್ಪರ್ಧಾ ಕಾಯ್ದೆ ಇದೆ, ಮಾಲೀಕರು ಸೇರಿ ದರ ಕಟ್ಟುವುದಕ್ಕೆ ನಿಷೇಧವಿದೆ. ಜಂಟಿ ವ್ಯವಸ್ಥೆಯಲ್ಲಿ ಒಬ್ಬರ ದರ ಇನ್ನೊಬ್ಬರಿಗೆ ಮೊದಲೇ ಕಾಣದ ಹಾಗೆ ಮಾಡಿಸಿಕೊಳ್ಳಿ.

ಇನ್ನು ಕರಾರಿನ ವಿಷಯ. ಅಮೆರಿಕನ್ ಏರ್‌ಲೈನ್ಸ್‌ನ ಮಾಲೀಕ ಸಂಸ್ಥೆ 2000ದಲ್ಲಿ ಸೇಬರನ್ನು ಪೂರ್ತಿ ಬೇರೆ ಕಂಪನಿಯಾಗಿ ಬಿಟ್ಟುಕೊಟ್ಟಿತು. ಆ ಸೇಬರ್‌ಗೆ ಈಗ ನಮ್ಮ ಬೆಂಗಳೂರಿನಲ್ಲೂ ಕಚೇರಿ ಇದೆ. 2011ರ ಜನವರಿಯಲ್ಲಿ ಇಬ್ಬರಿಗೂ ಜಗಳ ಬಂತು. ಅಮೆರಿಕನ್ ಏರ್‌ಲೈನ್ಸ್ ತನ್ನ ಟಿಕೆಟ್ಟನ್ನು ಏಜೆಂಟರಿಗೆ ನೇರವಾಗಿ ಕೊಡಲು ಹೊರಟಿತ್ತು. ಸೇಬರ್ ಏನು ಮಾಡಿತು ಗೊತ್ತೇ? ತನ್ನನ್ನು ಹೆತ್ತ ಕಂಪನಿಯ ವಿಮಾನಗಳನ್ನೇ ಪರದೆಯ ಕೆಳಕ್ಕೆ ತಳ್ಳಿತು. ಅಮೆರಿಕನ್ ಏರ್‌ಲೈನ್ಸ್ ಕೋರ್ಟಿಗೆ ಓಡಿತು. ಮೂವತ್ತು ವರ್ಷ ಹಿಂದೆ ಪುಟ್ಟ ಕಂಪನಿಗಳು ಹೇಳುತ್ತಿದ್ದ ಮಾತನ್ನೇ ಅದರ ವಕೀಲರು ಹೇಳಬೇಕಾಯಿತು. 2012ರಲ್ಲಿ ರಾಜಿಯಾಯಿತು.

ಹಾಗಾಗಿ ಆ್ಯಪ್ ಕಂಪನಿಯ ಜೊತೆಗಾಗಲಿ, ನಿಮ್ಮದೇ ಜಂಟಿ ವ್ಯವಸ್ಥೆ ಕಟ್ಟಿಕೊಡುವವರ ಜೊತೆಗಾಗಲಿ ಕಾಗದ ಮಾಡಿಕೊಳ್ಳುವಾಗ ಕಮಿಷನ್ ಶೇಕಡಾವಾರು ಬರೆದ ಪುಟವನ್ನು ಮಾತ್ರ ಓದಿ ಸಹಿ ಹಾಕಬೇಡಿ. ಪಟ್ಟಿಯ ಕ್ರಮ ಯಾವ ಆಧಾರದ ಮೇಲೆ ಎಂದು ಬರೆಸಿಕೊಳ್ಳಿ. ನಿಮ್ಮ ಬಸ್ಸಿನ ಬುಕಿಂಗ್ ಇತಿಹಾಸ ಕೇಳಿದಾಗ ಪೂರ್ತಿ ಸಿಗಬೇಕು, ಬಿಟ್ಟುಹೋಗುವಾಗಲೂ ಸಿಗಬೇಕು ಎಂದು ಬರೆಸಿಕೊಳ್ಳಿ. ನಿಮ್ಮ ಮಾರ್ಗದಲ್ಲಿ ಹುಡುಕಿ ಬುಕ್ ಮಾಡದೆ ಹೋದವರ ಸಂಖ್ಯೆಯನ್ನು ತಿಂಗಳಿಗೊಮ್ಮೆಯಾದರೂ ಕೊಡುತ್ತಾರೆಯೇ ಕೇಳಿ. ಹೆಸರು, ನಂಬರು ಬೇಡ, ಎಣಿಕೆ ಸಾಕು. ಒಬ್ಬರೇ ಕೇಳಿದರೆ ಕೊಡಲಿಕ್ಕಿಲ್ಲ, ಹದಿನೈದು ಮಂದಿ ಕೇಳಿದರೆ ಯೋಚಿಸುತ್ತಾರೆ.

ಕರಾರಿನ ಕರಡು ಓದಲು ಜೊತೆಗೊಬ್ಬ ಹಳಬ ಬೇಕೆನಿಸಿದರೆ ನಾನು ಬರಲು ಸಿದ್ಧ. ಫೀಸು ಬೇಡ. ಚೌತಿಗೆ ಊರಿಗೆ ಹೋಗುವಾಗ ಕೆಳಗಿನ ಬರ್ತು ಕೊಟ್ಟರಾಯಿತು, ಮಾಮೂಲಿ ದರಕ್ಕೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಹಳೆಯ ಟಿಕೆಟ್ ಏಜೆಂಟ್